ಬೆವರು ಬಾರದಿದ್ದರೆ ಸೆಕೆಯೇ ಅಲ್ಲ

ಬೈಕ್ ಹುಚ್ಚಿನ ಗಂಡನಿದ್ದರೆ ಹೆಂಡತಿಗೆ ಹೇಳಿಕೊಳ್ಳಲು ಕಥೆಗಳಿಗೆ ಬರವಿರುವುದಿಲ್ಲ. ಆ ಗಂಡ ಕರಾವಳಿಯವನಾಗಿದ್ದು, ಇರುವ ಊರು ದೆಹಲಿಯಾಗಿದ್ದು, ತಿಂಗಳು ಜೂನ್ ಆಗಿದ್ದರಂತೂ ಹೊರಟ ಪ್ರತಿ ಸಲಕ್ಕೂ ಒಂದೊಂದು ಕಥೆ. ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತೇನೆ, ಈಗ. ಆಗ ಹಿಂದಿನ ಸೀಟಿನಲ್ಲಿ ಕೂತು ಮನೆದೇವರಿಗೆ ಹರಕೆ ಹೊರುತ್ತಿದ್ದೆ.

ನಮ್ಮವರು ಕುಂದಾಪುರದ ಕಡೆಯವರು. ಕರೋಲ್ ಬಾಗಿನಲ್ಲಿ ನಮ್ಮದೊಂದು ಇಡ್ಲಿ-ದೋಸೆಯ ಹೋಟೆಲು. ಅಡುಗೆಮನೆ ಅವರದು, ಗಲ್ಲಾ ನನ್ನದು. ಮನೆ ರೋಹಿಣಿಯಲ್ಲಿ. ಜೂನಿನಲ್ಲಿ ಗಿರಾಕಿಗಳು ಬಿಸಿಲಿಗೆ ಹೆದರಿ ಮನೆಯಿಂದ ಹೊರಬೀಳುವುದಿಲ್ಲವಾದ್ದರಿಂದ ನಮಗೆ ಬಿಡುವು ಸಿಗುವುದು ಆಗ ಮಾತ್ರ. ಹೀಗೆ, ಯಾವ ಬಿಸಿಲಿಗೆ ಇಡೀ ದೆಹಲಿ ಬಾಗಿಲು ಹಾಕಿಕೊಂಡು ಮಲಗುತ್ತದೋ ಅದೇ ಬಿಸಿಲಿನಲ್ಲಿ ನಮ್ಮವರು ಬೈಕು ಹೊರಗೆ ತೆಗೆಯುತ್ತಾರೆ. ಆಗ್ರಾ, ಹರಿದ್ವಾರ, ಜೈಪುರ, ಎಲ್ಲ ದೂರ ದೂರದ ಊರುಗಳೇ ಆಗಬೇಕು.

ಇದು ಬರೀ ಹುಚ್ಚಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಐವತ್ತು ದಾಟಿದ ಮೇಲೆ ಅವರಿಗೆ ಬಿ.ಪಿ. ಮಾತ್ರೆ ಶುರುವಾಗಿತ್ತು. ಬರೆದುಕೊಟ್ಟ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಈ ಮಾತ್ರೆ ಮೈಯ ನೀರನ್ನು ಹೊರಗೆ ಹಾಕುತ್ತದೆ. ಬಿಸಿಲಿನಲ್ಲಿ ತಿರುಗುವವರಾದರೆ ನೀರು ಕುಡಿಯುತ್ತಲೇ ಇರಬೇಕು. ಇಲ್ಲದಿದ್ದರೆ ಒಂದು ದಿನ ದಾರಿಯಲ್ಲೇ ಬೀಳುತ್ತಾರೆ” ಎಂದು ಎಚ್ಚರಿಸಿದ್ದರು. ಬೈಕು ಬೇಡ ಎಂದರೆ ಕೇಳುವ ಆಸಾಮಿ ಅಲ್ಲ. ಒಬ್ಬರನ್ನೇ ಕಳಿಸಿ ಮನೆಯಲ್ಲಿ ಕೂರುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಹೆಲ್ಮೆಟ್ಟು ಹಾಕಿಕೊಂಡು ನಾನೂ ಹಿಂದೆ ಹತ್ತಿದೆ. ನನ್ನ ಕೆಲಸ ಒಂದೇ, ದಾರಿಯುದ್ದಕ್ಕೂ ನೀರು ಕುಡಿಸುವುದು. ಉಳಿದ ಹೆಂಗಸರು ತಾಜಮಹಲು ನೋಡಲು ಹೋಗುತ್ತಾರೆ. ನಾನು ಗಂಡನ ಗಂಟಲು ನೋಡಿಕೊಳ್ಳಲು ಹೋಗುತ್ತಿದ್ದೆ.

ಸುಣ್ಣ

ಕರಾವಳಿಯವರಿಗೆ ಸೆಕೆಯ ಅಳತೆ ಬೆವರು. ಊರಿನಲ್ಲಿ ಮೇ ತಿಂಗಳೆಂದರೆ ಸುಮ್ಮನೆ ಕೂತರೂ ಅಂಗಿ ಹಿಂಡುವಷ್ಟು ಒದ್ದೆಯಾಗುತ್ತದೆ. ದೆಹಲಿಯ ಬಿಸಿಲು ಬೇರೆ ಜಾತಿಯದು. ಇಲ್ಲಿ ಲೂ ಎನ್ನುವ ಒಣ ಬಿಸಿಗಾಳಿ ಬೀಸುತ್ತದೆ. ಬೆವರು ಹೊರಗೆ ಬರುತ್ತಿದ್ದ ಹಾಗೇ ಆ ಗಾಳಿ ಅದನ್ನು ಕುಡಿದು ಮುಗಿಸುತ್ತದೆ. ಮೈ ಮುಟ್ಟಿ ನೋಡಿದರೆ ಹಪ್ಪಳದ ಹಾಗೆ ಒಣಗಿರುತ್ತದೆ, ಒಳಗಿನ ನೀರು ಮಾತ್ರ ಸದ್ದಿಲ್ಲದೆ ಖಾಲಿಯಾಗುತ್ತಿರುತ್ತದೆ. ಇದು ನಮ್ಮವರ ತಲೆಗೇ ಹೋಗಲಿಲ್ಲ.

ಮೊದಲ ಸಲ ಆಗ್ರಾಕ್ಕೆ ಹೊರಟಾಗ ಊರು ದಾಟುತ್ತಿದ್ದಂತೆಯೇ ನಾನು ಬಾಟಲಿ ಮುಂದೆ ಚಾಚಿದೆ.

“ನೀರು ಕುಡೀರಿ.”

“ಎಂಥಕ್ಕೆ? ನಾನು ಬೆವರಿದ್ದೇನಾ?”

“ಬೆವರದಿದ್ದರೂ ಕುಡೀಬೇಕು.”

“ಬೆವರು ಬಾರದಿದ್ದರೆ ಅದು ಸೆಕೆಯೇ ಅಲ್ಲ ಮಾರಾಯ್ತಿ. ಇಷ್ಟು ವರ್ಷ ಕಾವಲಿ ಮುಂದೆ ನಿಂತು ದೋಸೆ ಹೊಯ್ದಿದ್ದೇನೆ. ಇದೆಂಥ ಬಿಸಿಲು?”

ಹಿಂದಿನ ರಾತ್ರಿ ಮಗಳು ಬಿಡಿಸಿ ಹೇಳಿದ್ದಳು. ಅವಳು ಇಲ್ಲೇ ಹುಟ್ಟಿ ಬೆಳೆದ ಕಾಲೇಜು ಹುಡುಗಿ. “ಪಪ್ಪಾ, ಪಸೀನಾ ಆತಾ ಹೈ, ಪರ್ ಸೂಖ್ ಜಾತಾ ಹೈ. ಬೆವರು ಬಂದ ಹಾಗೇ ಒಣಗಿಹೋಗುತ್ತೆ, ನಿಮಗೆ ಗೊತ್ತಾಗಲ್ಲ, ಬಸ್.” ಅದಕ್ಕೆ ಇವರು, “ಗೊತ್ತಾಗದ ಬೆವರು ಎಂಥ ಬೆವರು?” ಎಂದು ಮಗ್ಗುಲಾಗಿದ್ದರು.

ಮಥುರಾ ಹತ್ತಿರ ಬಂದಾಗ ಅವರ ತುಟಿ ಒಡೆದು ಬಿಳಿಚಿತ್ತು. ನಾನು ಹಟ ಹಿಡಿದು ಒಂದು ಢಾಬಾದಲ್ಲಿ ಇಳಿಸಿದೆ. ಅವರು ಹಾಕಿದ್ದದ್ದು ಕಪ್ಪು ಟೀ ಶರ್ಟು. ಬೆವರು ಬಂದು ಒಣಗಿ, ಮತ್ತೆ ಬಂದು ಒಣಗಿ, ಬೆನ್ನು, ಎದೆ, ಕಂಕುಳ ತುಂಬ ಉಪ್ಪಿನ ಬಿಳಿ ಪಟ್ಟೆಗಳು ಬಿದ್ದಿದ್ದವು. ಅವರ ಮೈಯಿಂದ ಎಷ್ಟು ನೀರು ಹೋಗಿದೆ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ನನಗೆ ಭಯವಾಯಿತು.

ಢಾಬಾದವನು ಅವರನ್ನು ಮೇಲಿಂದ ಕೆಳಗೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದ, “ಭಾಯಿ ಸಾಬ್, ನೀವು ಸುಣ್ಣ ಬಳಿಯೋ ಕೆಲಸದವರಾ? ಹಿಂದಿನ ಗೋಡೆ ಒಂದು ಬಾಕಿ ಇದೆ.”

ದೋಸೆಗೆ ಸಾಲದು

ಅದೇ ಪ್ರಯಾಣ, ಅದೇ ಢಾಬಾ. ಊಟ ಮುಗಿಸಿ ಬಂದರೆ ಬೈಕು ಬಿಸಿಲಿನಲ್ಲೇ ನಿಂತಿತ್ತು. ಸೀಟಿಗೆ ಕೈ ತಾಗಿಸಿದೆ, ಚುರ್ರೆಂದಿತು. ಪೆಟ್ರೋಲ್ ಟ್ಯಾಂಕು ಇನ್ನೂ ಕೇಡು.

“ನಾನು ಇದರ ಮೇಲೆ ಕೂರುವುದಿಲ್ಲ. ನೆರಳಲ್ಲಿ ನಿಲ್ಲಿಸಿ ಅಂತ ಬಡ್ಕೊಂಡೆ” ಎಂದೆ.

“ಎಲ್ಲಿ, ನೋಡುವ” ಎಂದವರು ನನ್ನ ಕೈಯಿಂದ ನೀರಿನ ಬಾಟಲಿ ತೆಗೆದುಕೊಂಡರು. ಸದ್ಯ, ಎರಡು ಗುಟುಕು ಕುಡಿಯುತ್ತಾರೆ ಎಂದು ನನಗೆ ಸಮಾಧಾನವಾಯಿತು. ಕುಡಿಯಲಿಲ್ಲ. ಅಂಗೈಗೆ ನೀರು ಹಾಕಿಕೊಂಡು ಟ್ಯಾಂಕಿನ ಮೇಲೆ ಚಿಮುಕಿಸಿ, ಬಗ್ಗಿ ನಿಂತು ಹನಿಗಳನ್ನೇ ನೋಡಿದರು. ದಿನಾ ಬೆಳಿಗ್ಗೆ ಕಾವಲಿ ಕಾದಿದೆಯೇ ಎಂದು ನೋಡುವುದು ಹೀಗೆಯೇ. ಹನಿ ಕುಣಿಯಬೇಕು. ಇಲ್ಲಿ ಹನಿ ಕುಣಿಯಲಿಲ್ಲ, ಸುಮ್ಮನೆ ಆರಿಹೋಯಿತು.

ಅವರು ಬಾಟಲಿ ವಾಪಸು ಕೊಟ್ಟು, “ದೋಸೆಗೆ ಸಾಲದು. ಕೂರು” ಎಂದರು.

ತಂಪಾದ ಲಾರಿ

ಊರಿನಲ್ಲಿ ಸೆಕೆಯಾದರೆ ಸ್ಕೂಟರ್ ಹತ್ತಿ ಸಮುದ್ರದ ಕಡೆ ಒಂದು ಸುತ್ತು ಹೊಡೆದು ಬರುವುದು ರೂಢಿ. ಗಾಳಿ ಬಡಿದರೆ ಮೈ ತಂಪು. ಅದೇ ಲೆಕ್ಕ ಇಲ್ಲಿಗೂ ಹಾಕಿ, ಹರಿದ್ವಾರಕ್ಕೆ ಹೊರಟ ದಿನ ನಮ್ಮವರು ಹೆಲ್ಮೆಟ್ಟಿನ ಗಾಜು ಮೇಲಕ್ಕೆತ್ತಿದರು, ಜಾಕೆಟ್ಟಿನ ಜಿಪ್ಪು ಎಳೆದರು, ಬೈಕಿನ ವೇಗ ಹೆಚ್ಚಿಸಿದರು. ಲೂ ಗಾಳಿಗೆ ಈ ಲೆಕ್ಕ ಗೊತ್ತಿಲ್ಲ. ವೇಗ ಏರಿಸಿದಷ್ಟೂ ಇಡ್ಲಿ ಬೇಯಿಸುವ ಅಟ್ಟದ ಮುಚ್ಚಳ ತೆಗೆದು ಮುಖ ಒಡ್ಡಿದ ಹಾಗೆ ಗಾಳಿ ಬಡಿಯುತ್ತಿತ್ತು. ರಸ್ತೆಯ ನಡುವಿನ ಗಿಡಗಳ ಬುಡದಲ್ಲಿ ಒಂದು ಹದ್ದು ರೆಕ್ಕೆ ಹರಡಿಕೊಂಡು ಬಿದ್ದಿತ್ತು. ಸತ್ತಿತ್ತು. ಆಕಾಶದಿಂದ ಬಿಸಿಲಿಗೇ ಬಿದ್ದದ್ದು.

“ನೋಡಿದಿರಾ?” ಎಂದೆ.

“ವಯಸ್ಸಾಗಿರಬೇಕು” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು.

ಘಾಜಿಯಾಬಾದ್ ದಾಟುವಾಗ ಮುಂದೆ ಒಂದು ನೀರಿನ ಟ್ಯಾಂಕರು ಸಿಕ್ಕಿತು. ಹಿಂದಿನ ನಲ್ಲಿ ಸೋರಿ, ಗಾಳಿಗೆ ನೀರು ತುಂತುರಾಗಿ ಹಾರುತ್ತಿತ್ತು. ನಮ್ಮವರು ಸಂತೋಷದಿಂದ ಬೈಕನ್ನು ಅದರ ಬೆನ್ನಿಗೇ ಹಾಕಿದರು. ಅದು ನಿಧಾನವಾದರೆ ನಾವೂ ನಿಧಾನ, ಅದು ಓಡಿದರೆ ನಾವೂ ಓಟ. ಮುಖ, ಅಂಗಿ, ನನ್ನ ದುಪಟ್ಟಾ ಎಲ್ಲ ನೆನೆದು ಹೋಯಿತು. ನಿಜ ಹೇಳಬೇಕೆಂದರೆ ನನಗೂ ಹಾಯೆನಿಸಿತು. ಅವರ ಮೈ ಅಷ್ಟಾದರೂ ತಂಪಾಗಲಿ ಎಂದು ಬಾಯಿ ಮುಚ್ಚಿಕೊಂಡು ಕೂತೆ. ಏನೋ ವಾಸನೆ ಬರುತ್ತಿತ್ತು. ಆದರೆ ಘಾಜಿಯಾಬಾದಿನ ಆ ರಸ್ತೆಯಲ್ಲಿ ವಾಸನೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬಹಳ ದೂರ ಹೋದ ಮೇಲೆ ಟ್ಯಾಂಕರು ಎಡಕ್ಕೆ ತಿರುಗಿತು. ಆಗ ಅದರ ಪಕ್ಕೆಯ ಮೇಲೆ ಬರೆದದ್ದು ಕಾಣಿಸಿತು. ಚರಂಡಿಯ ಕೊಳಚೆಯನ್ನು ಸೋಸಿ, ರಸ್ತೆಬದಿಯ ಗಿಡಗಳಿಗೆ ಹಾಕುವ ನೀರು. ಮನುಷ್ಯರು ಮುಟ್ಟಬಾರದು ಎಂದು ಕೆಂಪಕ್ಷರದಲ್ಲಿ ಎರಡು ಸಲ ಬರೆದಿತ್ತು.

ಹಾಗೇ ಹರಿದ್ವಾರ ಮುಟ್ಟಿದೆವು. ಗಂಗೆಯಲ್ಲಿ ನಮ್ಮವರು ಮುಳುಗಿ ಎದ್ದು, ಮುಳುಗಿ ಎದ್ದು, ನಿಲ್ಲಿಸಲೇ ಇಲ್ಲ. ಪಕ್ಕದಲ್ಲಿ ಮೀಯುತ್ತಿದ್ದ ಮುದುಕರೊಬ್ಬರು ಕನಿಕರದಿಂದ ಕೇಳಿದರು, “ಬೇಟಾ, ಅಂಥಾ ಪಾಪ ಏನು ಮಾಡಿದೆ?”

ತಂಗಿ ಕೊಟ್ಟ ಬೈರಾಸು

ಬಿಸಿಲಿನಲ್ಲಿ ದೂರ ಹೋಗುವಾಗ ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಂಡರೆ ತಲೆಗೆ ಬಿಸಿ ಏರುವುದಿಲ್ಲ ಎಂದು ಮಗಳು ಎಲ್ಲೋ ಓದಿ ಹೇಳಿದಳು. ಅವಳು ತರಿಸಿಕೊಟ್ಟ ತೆಳು ಬಟ್ಟೆ ಇತ್ತು. ನಮ್ಮವರಿಗೆ ಅದು ಬೇಡವಂತೆ. ಊರಿನ ಬೈರಾಸು, ಅಂದರೆ ನಾವು ಮೈ ಒರೆಸಿಕೊಳ್ಳುವ ಟವೆಲ್ಲೇ ಆಗಬೇಕಂತೆ. ಅವರ ತಂಗಿ ಊರಿನಿಂದ ಕಳಿಸಿದ ಹೊಸ ಕೆಂಪು ಬೈರಾಸನ್ನು ಬಕೆಟ್ಟಿನಲ್ಲಿ ಅದ್ದತೊಡಗಿದರು.

“ಹೊಸತು. ಒಂದು ಸಲ ಒಗೆದು ಕೊಡ್ತೇನೆ, ಬಣ್ಣ ಬಿಡ್ತದೆ” ಎಂದೆ.

“ನನ್ನ ತಂಗಿ ಕೊಟ್ಟ ಬೈರಾಸು ಬಣ್ಣ ಬಿಡುವುದಿಲ್ಲ.”

ತಂಗಿಯ ವಿಷಯ ಬಂದ ಮೇಲೆ ಮುಂದಕ್ಕೆ ಮಾತಿಲ್ಲ. ಹೊರಟೆವು. ಬೈರಾಸು ಒಣಗಿದಾಗಲೆಲ್ಲ ನಾನು ಹಿಂದಿನಿಂದ ಅದರ ಮೇಲೆ ನೀರು ಸುರಿಯುವುದು, ಗಾಳಿಗೆ ಅದು ಮತ್ತೆ ಒಣಗುವುದು. ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ನಾನು ಹೆಂಗಸರ ಶೌಚಾಲಯಕ್ಕೆ ಹೋದೆ. ತಿರುಗಿ ಬರುವಾಗ ಬೈಕಿನ ಸುತ್ತ ಜನ ನೆರೆದಿದ್ದರು. ಕಾಲುಗಳ ಸಂದಿನಿಂದ ನೋಡಿದರೆ ನೆಲದ ಮೇಲೆ ನಮ್ಮವರು ಮಲಗಿದ್ದಾರೆ. ಕುತ್ತಿಗೆಯಿಂದ ಹೊಟ್ಟೆಯವರೆಗೆ ಬಿಳಿ ಅಂಗಿಯೆಲ್ಲ ಕೆಂಪು.

ನನ್ನ ಜೀವ ಹಾರಿಹೋಯಿತು. ಡಾಕ್ಟರು ಹೇಳಿದ ಆ ದಿನ ಬಂದೇಬಿಟ್ಟಿತು ಎಂದುಕೊಂಡೆ. ಬೈರಾಸಿನ ನೆನಪು ಆ ಗಳಿಗೆಯಲ್ಲಿ ಬರಲೇ ಇಲ್ಲ. ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದೆ.

ನಡೆದದ್ದು ಇಷ್ಟು. ಹೆಲ್ಮೆಟ್ಟು ತೆಗೆದು ನಿಂತವರನ್ನು ಕಂಡು ಯಾರೋ ರಕ್ತ ರಕ್ತ ಎಂದು ಕೂಗಿದರು. ನಾಲ್ಕು ಜನ ಸೇರಿ ಬಲವಂತವಾಗಿ ಮಲಗಿಸಿದರು. ಇವರು ಅಷ್ಟು ದಿನದಲ್ಲಿ ಮೊದಲ ಸಲ ತಾವಾಗಿಯೇ ಬಾಯಿಬಿಟ್ಟು ನೀರು ಕೇಳಿದರು. ಕೊಡಲು ಹೋದವನನ್ನು ಇನ್ನೊಬ್ಬ ತಡೆದ. “ಪಾನೀ ಮತ್ ದೋ! ಗಾಯವಾದವರಿಗೆ ನೀರು ಕೊಡಬಾರದು!” ಹತ್ತು ಬಾಟಲಿಗಳ ನಡುವೆ ನನ್ನ ಗಂಡ ಬಾಯಾರಿ ಮಲಗಿದ್ದರು. ಗಾಬರಿಯಲ್ಲಿ ಅವರಿಗೆ ಹಿಂದಿ ಮರೆತುಹೋಗಿ ಕನ್ನಡದಲ್ಲೇ ಬಡಬಡಿಸುತ್ತಿದ್ದರು. ಅದನ್ನು ಕೇಳಿ ಜನ, ತಲೆಗೇ ಪೆಟ್ಟಾಗಿದೆ ಎಂದು ತೀರ್ಮಾನಿಸಿದ್ದರು.

ಒಬ್ಬ ಹಿರಿಯರು ನನ್ನ ತಲೆಯ ಮೇಲೆ ಕೈಯಿಟ್ಟರು. “ಬೇಟಿ, ಏನೋ ಹೇಳ್ತಿದ್ದಾರೆ. ಹತ್ತಿರ ಹೋಗಿ ಕೇಳಿಸಿಕೋ. ಕೊನೇ ಮಾತಿರಬಹುದು.”

ನಾನು ಅಳುತ್ತಾ ಬಗ್ಗಿ ಕಿವಿಕೊಟ್ಟೆ.

“ಇದು ತಂಗಿ ಕೊಟ್ಟದ್ದಲ್ಲ, ಬೇರೆ ಬೈರಾಸು ಇರಬೇಕು” ಎಂದರು.

ಬೆನ್ನ ಮೇಲಿನ ಮಜ್ಜಿಗೆ

ನೀರು ಕುಡಿಯಲು ಬೈಕು ನಿಲ್ಲಿಸಬೇಕಾಗುತ್ತದೆ ಎನ್ನುವುದೇ ಇವರ ದೊಡ್ಡ ತಕರಾರು. ಅದಕ್ಕೆ ಮಗಳು ಬೆನ್ನಿಗೆ ಕಟ್ಟಿಕೊಳ್ಳುವ ನೀರಿನ ಚೀಲ ತರಿಸಿಕೊಟ್ಟಳು. ಅದರಿಂದ ಒಂದು ನಳಿಕೆ ಬಂದು ಬಾಯಿಯ ಹತ್ತಿರ ನಿಲ್ಲುತ್ತದೆ. ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹೀರಿದರೆ ಓಡಿಸುತ್ತಲೇ ಕುಡಿಯಬಹುದು. ನನಗೆ ಆ ಚೀಲ ಕಂಡು ಕೈಮುಗಿಯುವ ಹಾಗಾಯಿತು. ಇನ್ನು ನನ್ನ ಕಷ್ಟ ಮುಗಿಯಿತು ಎಂದುಕೊಂಡೆ.

ಹೊರಡುವ ಬೆಳಿಗ್ಗೆ ನಾನು ಹೋಟೆಲಿನ ಬಾಗಿಲಲ್ಲಿ ಕಾಯುತ್ತಿದ್ದೆ. ಇವರು ಅಡುಗೆಮನೆಗೆ ಹೋಗಿ ಚೀಲ ತುಂಬಿಸಿಕೊಂಡು ಬಂದರು. ದಾರಿಯಲ್ಲಿ ನಾನು ಮತ್ತೆ ಮತ್ತೆ “ಕುಡಿದಿರಾ?” ಎಂದು ಕೇಳುವುದು, ಅವರು “ಹೀರ್ತಾ ಇದ್ದೇನೆ, ಬರುವುದಿಲ್ಲ” ಎನ್ನುವುದು.

“ಬಾರದೆ ಎಲ್ಲಿಗೆ ಹೋಗ್ತದೆ? ನೀರು ತಾನೇ?”

“ನೀರು ಯಾರು ಹಾಕಿದ್ದು? ಬಿಸಿಲಿಗೆ ಮಜ್ಜಿಗೆಯಷ್ಟು ತಂಪು ಬೇರೆ ಉಂಟಾ? ಶುಂಠಿ, ಹಸಿಮೆಣಸು, ಇಂಗು, ಕರಿಬೇವು ಎಲ್ಲ ಜಜ್ಜಿ ಹಾಕಿದ್ದೇನೆ.”

ಕರಿಬೇವಿನ ಎಲೆ ನಳಿಕೆಯ ಬಾಯಿಗೆ ಅಡ್ಡ ಕೂತಿತ್ತು. ಒಳಗೆ ಮಜ್ಜಿಗೆ ಬಿಸಿಲಿಗೆ ಹುಳಿಯೇರಿ ಉಬ್ಬುತ್ತಿತ್ತು. ಅವರ ಬೆನ್ನಿಗೂ ನನ್ನ ಹೊಟ್ಟೆಗೂ ನಡುವೆ ಆ ಚೀಲ ಬಲೂನಿನ ಹಾಗೆ ದೊಡ್ಡದಾಗುತ್ತಾ ನನ್ನನ್ನು ಹಿಂದಕ್ಕೆ ತಳ್ಳುತ್ತಿತ್ತು. ನಿಲ್ಲಿಸಿ ಎಂದು ನಾನು ಕೂಗುವುದಕ್ಕೂ, ಇವರು ಸಿಟ್ಟಿನಿಂದ ನಳಿಕೆಯನ್ನು ಬಲವಾಗಿ ಕಚ್ಚುವುದಕ್ಕೂ ಸರಿಹೋಯಿತು. ಮುಚ್ಚಿದ ಹೆಲ್ಮೆಟ್ಟಿನ ಒಳಗೆ ಮಜ್ಜಿಗೆ ಪಿಚಕಾರಿಯ ಹಾಗೆ ಹಾರಿತು. ಹಸಿಮೆಣಸು ಕಣ್ಣಿಗೆ ಹೋಯಿತು. ದಾರಿ ಕಾಣದೆ ಬೈಕು ಎರಡು ಲಾರಿಗಳ ನಡುವೆ ವಾಲಾಡಿತು. ಹೇಗೋ ಬದಿಗೆ ಬಂದು ನಿಂತೆವು.

ಹಾಗೆ ವಾಲಾಡಿದ್ದನ್ನು ಮುಂದಿನ ತಪಾಸಣೆಯ ಕಟ್ಟೆಯಲ್ಲಿದ್ದ ಪೊಲೀಸು ನೋಡಿದ್ದ. ಹತ್ತಿರ ಬಂದು ಮೂಗು ಹಿಡಿದುಕೊಂಡ. ಹುಳಿಹುಳಿ ವಾಸನೆ, ಕೆಂಪು ಕಣ್ಣು, ನೇರ ನಿಲ್ಲಲಾಗದ ಮನುಷ್ಯ. “ಬೆಳಿಗ್ಗೆ ಬೆಳಿಗ್ಗೆಯೇ ಶುರುವಾ? ಊದಿ” ಎಂದು ಕುಡುಕರನ್ನು ಹಿಡಿಯುವ ಯಂತ್ರ ಮುಂದೆ ಹಿಡಿದ. ಊದಿದರು. ಯಂತ್ರದಲ್ಲಿ ಏನೂ ತೋರಿಸಲಿಲ್ಲ. ಇನ್ನೊಮ್ಮೆ ಊದಿಸಿದ. ಏನೂ ಇಲ್ಲ.

ಪೊಲೀಸು ಯಂತ್ರ ನೋಡಿದ, ಇವರ ಗಡ್ಡಕ್ಕೆ ಅಂಟಿದ ಕರಿಬೇವು ನೋಡಿದ, ಕೊನೆಗೆ ನನ್ನನ್ನು ನೋಡಿದ. “ಬೆಹನ್‌ಜೀ, ಕುಡಿದಿದ್ದರೆ ನಾನು ಏನಾದರೂ ಮಾಡಬಹುದಿತ್ತು” ಎಂದು ಹೊರಟುಹೋದ.

ಹೌದು ಎಂದ ಗಂಡ

ಇಷ್ಟು ದಿನ ನಾನು ಯಾವುದಕ್ಕೆ ಹೆದರಿ ಹಿಂದೆ ಕೂರುತ್ತಿದ್ದೆನೋ ಅದು ನಡೆದದ್ದು ಜೈಪುರದಿಂದ ವಾಪಸು ಬರುವಾಗ.

ಅಲ್ಲಿ ನಮ್ಮ ನೆಂಟರೊಬ್ಬರು ಹೊಸ ಹೋಟೆಲು ತೆರೆದಿದ್ದರು, ನೋಡಲು ಹೋಗಿದ್ದೆವು. ಮರುದಿನ ಬೆಳಕು ಹರಿಯುವ ಮೊದಲೇ ಹೊರಟು ಬಿಸಿಲೇರುವುದರೊಳಗೆ ಮನೆ ಸೇರಬೇಕೆಂದು ನಾನು ಗೋಗರೆದೆ. ಹೋಟೆಲಿನವರ ಮನೆಗೆ ಹೋಗಿ ಉಣ್ಣದೆ ಹೊರಡುವುದುಂಟೇ? “ಎಲೆ ಹಾಕದೆ ಕಳಿಸಿದರೆ ನಮಗೆ ಮರ್ಯಾದೆಯಾ ಅಕ್ಕಾ?” ಎಂದು ಅವರು ದಾರಿಗೆ ಅಡ್ಡ ನಿಂತರು. ಹೋಳಿಗೆ, ಪಾಯಸ, ಎರಡು ಬಗೆಯ ಪಲ್ಯ. ಎಲೆಯಿಂದ ಏಳುವಾಗ ನೆತ್ತಿಯ ಮೇಲೆ ಸೂರ್ಯ. ಬಿ.ಪಿ. ಮಾತ್ರೆ ನುಂಗಿ ಬೈಕು ಹತ್ತಿದರು.

ಹೆಲ್ಮೆಟ್ಟಿನೊಳಗೆ ಇಬ್ಬರೂ ಮಾತಾಡಿಕೊಳ್ಳುವ ಹಾಗೆ ಮಗಳು ಇಂಟರ್‌ಕಾಮ್ ಹಾಕಿಕೊಟ್ಟಿದ್ದಳು. ಅದರಲ್ಲಿ ನಾವು ಜಗಳವಲ್ಲದೆ ಬೇರೆ ಆಡಿದ್ದಿಲ್ಲ. ಮೊದಮೊದಲು ಆ ದಿನವೂ ಹಾಗೇ ಇತ್ತು. ನೀರು ಕುಡೀರಿ ಎಂದರೆ ಬೆವರಿಲ್ಲ ಎಂದರು. ನೆರಳಲ್ಲಿ ನಿಲ್ಲಿ ಎಂದರೆ ಇನ್ನೇನು ಬಂತು ಎಂದರು. ಕೋಟ್‌ಪುತ್ಲಿ ದಾಟಿ ಸ್ವಲ್ಪ ದೂರ ಬಂದ ಮೇಲೆ ನಾನು ಎಂದಿನ ಹಾಗೆ ಗೊಣಗಿದೆ.

“ಒಂದು ಗುಟುಕು ಕುಡೀರಿ, ದಮ್ಮಯ್ಯ.”

“ಆಯಿತು” ಎಂದರು.

ನಾನು ಕಿವಿಯಲ್ಲಿದ್ದ ಯಂತ್ರ ಕೆಟ್ಟಿತೇ ಎಂದುಕೊಂಡೆ. “ನಿಲ್ಲಿಸ್ತೀರಾ?”

“ನಿಲ್ಲಿಸುವ. ನೀವು ಹೇಳಿದ್ದು ಸರಿ.”

ಎದೆ ಧಸಕ್ಕೆಂದಿತು. ಮದುವೆಯಾದ ಲಾಗಾಯ್ತು ಈ ಮನುಷ್ಯ ನಾನು ಹೇಳಿದ್ದು ಸರಿ ಎಂದಿರಲಿಲ್ಲ. ನನ್ನನ್ನು ನೀವು ಎಂದು ಕರೆದಿರಲಿಲ್ಲ. ನಿಲ್ಲಿಸುವ ಎಂದವರು ನಿಲ್ಲಿಸಲೂ ಇಲ್ಲ. ಬೈಕು ಮೆಲ್ಲಗೆ ಅತ್ತ ಇತ್ತ ಸರಿಯತೊಡಗಿತು. ಇನ್ನೂ ಒಂದು ಪರೀಕ್ಷೆ ಉಳಿದಿತ್ತು. ಕೇಳಿದೆ.

“ನಿಮ್ಮ ತಂಗಿ ಕೊಟ್ಟ ಬೈರಾಸು ಬಣ್ಣ ಬಿಡ್ತದಾ?”

“ಬಿಡ್ತದೆ” ಎಂದರು.

ಅಲ್ಲಿಗೆ ನನಗೆ ಖಾತ್ರಿಯಾಯಿತು. ಅವರ ಹೆಗಲು ಹಿಡಿದು, ಬ್ರೇಕ್ ಹಾಕಿ, ಬ್ರೇಕ್ ಹಾಕಿ ಎಂದು ಕಿರುಚಿದೆ. ಹೇಳಿದ ಮಾತು ಕೇಳುವ ಸ್ಥಿತಿಯಲ್ಲಿದ್ದದ್ದೇ ಪುಣ್ಯ, ಹಾಕಿದರು. ಬೈಕು ರಸ್ತೆ ಬದಿಯ ಮರಳಿಗೆ ಇಳಿದು ಅಡ್ಡ ಮಲಗಿತು. ನಮಗೆ ಪೆಟ್ಟಾಗಲಿಲ್ಲ. ಹೆಲ್ಮೆಟ್ಟು ಬಿಚ್ಚಿ ಕುತ್ತಿಗೆ ಮುಟ್ಟಿದೆ. ಮೈ ಕೆಂಡ. ಒಂದು ಹನಿ ಬೆವರಿಲ್ಲ. ಈ ಸಲ ಗಾಳಿ ಕುಡಿದದ್ದಲ್ಲ, ಒಳಗೇ ಇರಲಿಲ್ಲ. ಕಣ್ಣು ತೆರೆದೇ ಇತ್ತು, ನನ್ನನ್ನು ನೋಡುತ್ತಿರಲಿಲ್ಲ.

ಸ್ವಲ್ಪ ಮುಂದೆ ಬೇವಿನ ಮರದ ಕೆಳಗೆ ಕಬ್ಬಿನ ಹಾಲಿನ ಗಾಡಿ ಇತ್ತು. ಕೂಗಿಕೊಂಡೆ. ಗಾಡಿಯವನು ಓಡಿಬಂದು ಇವರನ್ನು ಹೆಗಲಿಗೆ ಹಾಕಿಕೊಂಡು ನೆರಳಿಗೆ ಒಯ್ದ. ಜಾಕೆಟ್ಟು, ಅಂಗಿ ತೆಗೆದೆವು. ಅವನು ಗೋಣಿಯಲ್ಲಿ ಸುತ್ತಿಟ್ಟಿದ್ದ ಮಂಜುಗಡ್ಡೆಯನ್ನು ಒಡೆದು ಇವರ ಕಂಕುಳು, ಕುತ್ತಿಗೆ, ತೊಡೆಸಂದಿಗೆ ಇಟ್ಟ. ನಾನು ನೀರು ಸುರಿಯುತ್ತಾ ಬೈರಾಸಿನಿಂದ ಗಾಳಿ ಹಾಕಿದೆ. ಅಷ್ಟರಲ್ಲಿ ಒಂದು ಕಾರು ನಿಂತು, ಗಾಜಿನ ಸಂದಿಯಿಂದ ಕೈಯೊಂದು ಹೊರಬಂತು. “ಭಯ್ಯಾ, ಎರಡು ಗ್ಲಾಸ್. ಬರಫ್ ಜಾಸ್ತಿ.” ಗಾಡಿಯವನು ನನ್ನ ಗಂಡನ ಕಂಕುಳನ್ನೊಮ್ಮೆ ನೋಡಿ, “ಆಜ್ ಬಿನಾ ಬರಫ್, ಐಸಿಲ್ಲದೆ” ಎಂದ.

ಆಮೇಲೆ ಅವನೇ ಒಂದು ಕಲ್ಲಂಗಡಿ ಟೆಂಪೊ ಅಡ್ಡಹಾಕಿದ. ಹಣ್ಣುಗಳ ಮೇಲೆ ಮಲಗಿಸಿಕೊಂಡು ಹೆದ್ದಾರಿಯ ಪಕ್ಕದ ಒಂದು ಸಣ್ಣ ಆಸ್ಪತ್ರೆಗೆ ಹೋದೆವು. ಅಲ್ಲಿಯ ಡಾಕ್ಟರು ಎಳೆಯ ವಯಸ್ಸಿನವನು. ಮುಖ ನೋಡಿಯೇ ಓಡತೊಡಗಿದ. ಐಸು, ಸಲೈನು, ಫ್ಯಾನು, ಏಸಿ. ಆಗಾಗ ನನ್ನ ಕಡೆ ತಿರುಗಿ, “ಇನ್ನೂ ಏನೂ ಹೇಳಲಾಗುವುದಿಲ್ಲ ಮೇಡಂ” ಎನ್ನುತ್ತಿದ್ದ. ಮಗಳು ಫೋನಿನಲ್ಲಿ, “ಅಮ್ಮಾ, ಪಪ್ಪಾ ಠೀಕ್ ಹೈಂ ನಾ? ಸುಳ್ಳು ಹೇಳ್ಬೇಡ” ಎಂದು ಅತ್ತಳು. ಮಲಗಿದ್ದಾರೆ ಎಂದಷ್ಟೇ ಹೇಳಿದೆ.

ಪಕ್ಕದ ಹಾಸಿಗೆಯಲ್ಲಿ ಯಾವುದೋ ಗೋದಾಮಿನ ಕಾವಲುಗಾರ. ಗೇಟಿನಲ್ಲಿ ನಿಂತಲ್ಲೇ ಬಿದ್ದನಂತೆ. ಅವನ ಮಗಳು ಒದ್ದೆ ದುಪಟ್ಟಾದಿಂದ ಗಾಳಿ ಹಾಕುತ್ತಲೇ ಇದ್ದಳು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಗಾಳಿ ಹಾಕಿದೆವು. ಸಂಜೆಯ ಹೊತ್ತಿಗೆ ಅವಳು ನಿಲ್ಲಿಸಿದಳು. ನರ್ಸು ಬಂದು ಹೊದಿಕೆಯನ್ನು ಮುಖದವರೆಗೆ ಎಳೆದಳು. ನಾನು ಹೋಗಿ ಆ ಹುಡುಗಿಯ ಬೆನ್ನ ಮೇಲೆ ಕೈಯಿಟ್ಟೆ. ತಿರುಗಿ ಬಂದು ಇನ್ನೂ ಜೋರಾಗಿ ಗಾಳಿ ಹಾಕಿದೆ.

ಮರುದಿನ ಬೆಳಿಗ್ಗೆ ನಮ್ಮವರು ಕಣ್ಣು ಬಿಟ್ಟರು. ಡಾಕ್ಟರು ಬಂದು, ಬುದ್ಧಿ ಸರಿಯಾಗಿದೆಯೇ ಎಂದು ನೋಡಲು ಒಂದೊಂದೇ ಪ್ರಶ್ನೆ ಕೇಳಿದ. ಹೆಸರೇನು? ಸರಿಯಾಗಿ ಹೇಳಿದರು. ಊರು? ಹೇಳಿದರು. ಇವರು ಯಾರು? “ನನ್ನ ಹೆಂಡತಿ” ಎಂದರು. ಡಾಕ್ಟರ ಮುಖ ಅರಳಿತು. ಸುಮ್ಮನೆ ಮಾತಿಗೆ ಎನ್ನುವಂತೆ ಕೇಳಿದ, “ನಿನ್ನೆ ಬಹಳ ಗರ್ಮಿ ಇತ್ತು, ಅಲ್ವಾ?”

“ಗರ್ಮಿ?” ಎಂದು ನಮ್ಮವರು ಒಣಗಿದ ತುಟಿ ನೆಕ್ಕಿಕೊಂಡರು. “ಎಲ್ಲಿಯ ಗರ್ಮಿ? ಏಕ್ ಬೂಂದ್ ಪಸೀನಾ ನಹೀಂ ಆಯಾ, ಒಂದು ಹನಿ ಬೆವರಿಲ್ಲ.”

ಡಾಕ್ಟರ ಮುಖ ಇಳಿದುಹೋಯಿತು. ನನ್ನನ್ನು ಬದಿಗೆ ಕರೆದ. “ಮೇಡಂ, ಬಿಸಿ ಮೆದುಳಿಗೆ ಏರಿರುವ ಹಾಗಿದೆ. ಇನ್ನೂ ಪೂರ್ತಿ ಪ್ರಜ್ಞೆ ಬಂದಿಲ್ಲ.”

ಹಿಂದಿನ ಮಧ್ಯಾಹ್ನದಿಂದ ಹಿಡಿದಿಟ್ಟಿದ್ದೆಲ್ಲ ಒಡೆದು ನಾನು ನಗತೊಡಗಿದೆ. ನಕ್ಕೆ, ಅತ್ತೆ, ಮತ್ತೆ ನಕ್ಕೆ. “ಇಲ್ಲ ಡಾಕ್ಟರ್ ಸಾಬ್, ಪೂರ್ತಿ ಬಂದಿದೆ. ನನ್ನ ಗಂಡ ಇವರೇ, ಬಿಲ್ಕುಲ್ ಇವರೇ” ಎಂದು ಅವನ ಎರಡೂ ಕೈ ಹಿಡಿದುಕೊಂಡೆ. ಅವನು ಮೆಲ್ಲಗೆ ಕೈ ಬಿಡಿಸಿಕೊಂಡು ನರ್ಸಿನ ಕಡೆ ತಿರುಗಿದ. “ಇವರನ್ನೂ ಮಲಗಿಸಿ.”

ಖಾಲಿಯಿದ್ದದ್ದು ಆ ಒಂದೇ ಹಾಸಿಗೆ. ನರ್ಸು ಹೊಸ ಚಾದರ ಹಾಸಿದಳು. ಆ ಹುಡುಗಿಯ ತಂದೆ ಮಲಗಿದ್ದ ಜಾಗದಲ್ಲಿ ಒರಗಿ, ಕೈ ಚಾಚಿ ನಮ್ಮವರ ಹಣೆ ಮುಟ್ಟಿದೆ.

ಒದ್ದೆ! ಹೆಸರುಕಾಳಿನಷ್ಟು ದಪ್ಪ ದಪ್ಪ ಹನಿಗಳು. ನೋಡುತ್ತಿದ್ದ ಹಾಗೇ ಒಂದು ಹನಿ ಹುಬ್ಬಿನಿಂದ ಕಿವಿಯ ಕಡೆಗೆ ಜಾರಿತು. ಕೋಣೆಯಲ್ಲಿ ಏಸಿ ಹಲ್ಲು ಕಟಕಟಿಸುವಷ್ಟು ತಣ್ಣಗೆ ಓಡುತ್ತಿತ್ತು. ನಾನು ಕಂಬಳಿ ಎಳೆದುಕೊಂಡಿದ್ದೆ.

ಅವರು ಅಂಗೈಯಿಂದ ಹಣೆ ಒರೆಸಿ, ಒದ್ದೆಯಾದ ಕೈಯನ್ನು ಕಣ್ಣ ಮುಂದೆ ಹಿಡಿದು ನೋಡಿಕೊಂಡರು.

“ಅಬ್ಬಾ! ಎಂಥ ಸೆಕೆ ಮಾರಾಯ್ತಿ. ಸ್ವಲ್ಪ ನೀರು ಕೊಡು” ಎಂದರು.